ಪದ್ಮಿನಿಯ ಕೂಗು

ಸಾಸವಡದಲ್ಲಿ ಮನೆ ಮಾಡಿದ್ದೇನೆ ಅಂದಾಗ ಪುಣೆಯ ಕನ್ನಡದ ಗೆಳೆಯರೆಲ್ಲ ಕೇಳುವುದು ಒಂದೇ ಮಾತು: ‘ಅಷ್ಟು ದೂರ ಯಾಕಪ್ಪಾ?’ ದೂರ ಅನ್ನುವುದು ನಿಜ. ಹಡಪಸರ ದಾಟಿ, ಫುರಸುಂಗಿ ದಾಟಿ, ವಡಕಿ ದಾಟಿ, ದಿವೆ ಘಾಟ್ ಹತ್ತಿದ ಮೇಲೆ ನಮ್ಮೂರು. ಆದರೆ ನನ್ನ ಆಫೀಸು ಫುರಸುಂಗಿಯ ಕಡೆಯೇ ಇದೆ, ವಾರಕ್ಕೆ ಎರಡೇ ದಿನ ಹೋಗಬೇಕು. ಪುಣೆಯಲ್ಲಿ ಒಂದು ಬೆಡ್‌ರೂಮಿಗೆ ಕೇಳುವ ದುಡ್ಡಿಗೆ ಇಲ್ಲಿ ಎರಡು ಬೆಡ್‌ರೂಮು ಸಿಕ್ಕಿತು. ಕರ್ಹಾ ನದಿ, ಸಂಗಮೇಶ್ವರ ಗುಡಿ, ಕಿಟಕಿ ತೆರೆದರೆ ದೂರದಲ್ಲಿ ಪುರಂದರ ಕೋಟೆ. ಸೀಸನ್ನಿನಲ್ಲಿ ಅಂಜೂರ ಮತ್ತು ಸೀತಾಫಲ ರಸ್ತೆ ಬದಿಯಲ್ಲೇ ಸಿಗುತ್ತವೆ. ಪುರಂದರದ ಅಂಜೂರಕ್ಕೆ 2016ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಇಷ್ಟೆಲ್ಲ ಹೇಳಿದರೂ ಗೆಳೆಯರು ಒಪ್ಪುವುದಿಲ್ಲ. ಆಗ ಕೊನೆಯ ಕಾರಣ ಹೇಳುತ್ತೇನೆ. ಅಪ್ಪನ ಪ್ರೀಮಿಯರ್ ಪದ್ಮಿನಿ ನಿಲ್ಲಿಸಲು ಇಲ್ಲಿ ಜಾಗ ಇದೆ.

ಪದ್ಮಿನಿಯನ್ನು ನೋಡದವರಿಗಾಗಿ ಎರಡು ಮಾತು. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು ಕಟ್ಟಿದ ಪ್ರೀಮಿಯರ್ ಕಂಪನಿ ಮುಂಬಯಿಯ ಕುರ್ಲಾದಲ್ಲಿ ಫಿಯಟ್ ಲೈಸೆನ್ಸಿನ ಮೇಲೆ ಮಾಡುತ್ತಿದ್ದ ಕಾರು ಅದು. 1089 ಸಿಸಿ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕೋಲು, ಮುಂದಿನ ಬಾಗಿಲುಗಳಲ್ಲಿ ತಿರುಗಿಸಿ ತೆರೆಯುವ ಪುಟ್ಟ ತ್ರಿಕೋನದ ಗಾಜು. ಹೆಸರು ಪದ್ಮಿನಿ ಆದರೂ ನಮ್ಮ ಕಡೆ ಎಲ್ಲರೂ ಫಿಯಟ್ ಅಂತಲೇ ಕರೆಯುತ್ತಿದ್ದರು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು ಎಂದು ಪೇಪರಿನಲ್ಲಿ ಬಂದಾಗ ನನ್ನ ಆಫೀಸಿನ ಹುಡುಗರು ಫೋಟೋ ಕಳಿಸಿ ‘ಸರ್, ನಿಮ್ಮದೊಂದೇ ಉಳಿದಿದ್ದು’ ಎಂದು ನಕ್ಕರು.

ನಮ್ಮದು 1990ರ ಮಾಡೆಲ್, ಕೆಎ 25. ಹುಬ್ಬಳ್ಳಿಯಲ್ಲಿ ಕಾಲೇಜು ಲೆಕ್ಚರರ್ ಆಗಿದ್ದ ಅಪ್ಪ ಅದನ್ನು 1995ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು. ಅವರು ತೀರಿಹೋದ ಮೇಲೆ ನಾಲ್ಕು ವರ್ಷ ಹುಬ್ಬಳ್ಳಿಯ ಮನೆ ಮುಂದೆ ತಾಡಪತ್ರಿ ಹೊದ್ದು ನಿಂತಿತ್ತು. ಅವ್ವನನ್ನು ಇಲ್ಲಿಗೆ ಕರಕೊಂಡು ಬಂದಾಗ ಅದನ್ನೂ ತಂದೆ. ಎನ್‌ಒಸಿ, ಟ್ಯಾಕ್ಸು, ಪಾಸಿಂಗು ಎಂದು ಆರ್‌ಟಿಓ ಕಚೇರಿಗಳಿಗೆ ಎಷ್ಟು ಸಲ ತಿರುಗಿದೆ ಅನ್ನುವುದು ಬೇರೆಯೇ ಪುರಾಣ. ವಿಂಟೇಜ್ ಎಂದು ವಿಶೇಷ ನೋಂದಣಿ ಮಾಡಿಸೋಣ ಅಂದರೆ 2021ರ ನಿಯಮದ ಪ್ರಕಾರ ಗಾಡಿಗೆ ಐವತ್ತು ವರ್ಷ ದಾಟಿರಬೇಕು. ನಮ್ಮದಕ್ಕೆ ಐವತ್ತಾಗಲು ಇನ್ನೂ ಬಹಳ ವರ್ಷ ಬೇಕು. ಮುದುಕಿ ಆಗಿದ್ದಾಳೆ, ಪಿಂಚಣಿ ಇಲ್ಲ.

ಈಗ ಕೂಗಿನ ವಿಷಯ. 1998ರಲ್ಲಿ ಅಪ್ಪ ಆ ಗಾಡಿಗೆ ಹೊರಗಿನಿಂದ ಒಂದು ಅಲಾರಂ ಹಾಕಿಸಿದರು. ರಿಮೋಟಿನ ಗುಂಡಿ ಒತ್ತಿದರೆ ‘ಪೀಂ ಪೀಂ’ ಎಂದು ಎರಡು ಸಲ ಕೂಗಿ ಲಾಕ್ ಆಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ಹುಳ ಮಿಣುಕುತ್ತಿತ್ತು. ನನಗಾಗ ಹನ್ನೊಂದು ವರ್ಷ. ಓಣಿಯಲ್ಲಿ ರಿಮೋಟ್ ಇರುವ ಗಾಡಿ ನಮ್ಮದೊಂದೇ. ಅಪ್ಪ ರಾತ್ರಿ ಟ್ಯೂಷನ್ ಮುಗಿಸಿ ಬಂದಾಗ ‘ಪೀಂ ಪೀಂ’ ಕೇಳುತ್ತಿತ್ತು, ನಾನು ಪುಸ್ತಕ ತೆರೆಯುತ್ತಿದ್ದೆ, ಅವ್ವ ಎದ್ದು ರೊಟ್ಟಿಯ ಹಂಚು ಒಲೆಯ ಮೇಲಿಡುತ್ತಿದ್ದಳು. ಇಪ್ಪತ್ತು ವರ್ಷ ಹಾಗೇ ನಡೆಯಿತು. ಅಪ್ಪನ ದನಿ ಈಗ ನೆನಪಿಗೆ ತಂದುಕೊಳ್ಳಲು ಕಣ್ಣು ಮುಚ್ಚಬೇಕು, ಆ ‘ಪೀಂ ಪೀಂ’ ಮಾತ್ರ ಗುಂಡಿ ಒತ್ತಿದರೆ ಸಾಕು.

ಹಾಗಾಗಿ ಸಾಸವಡಕ್ಕೆ ಬಂದ ಮೇಲೆ ಅಲಾರಂ ಕಾಟ ಕೊಡಲು ಶುರು ಮಾಡಿದಾಗಲೂ ನಾನು ಅದನ್ನು ತೆಗೆಸಲಿಲ್ಲ. ಮಳೆಗಾಲದಲ್ಲಿ ಸುಮ್ಮಸುಮ್ಮನೆ ಕೂಗುತ್ತಿತ್ತು. ಬಾಗಿಲ ಚೌಕಟ್ಟಿನಲ್ಲಿ ಒಂದು ಪಿನ್ ಸ್ವಿಚ್ ಇರುತ್ತದೆ, ಬಾಗಿಲು ತೆರೆದಾಗ ಒಳಗಿನ ದೀಪ ಹತ್ತಿಸುವುದು ಅದೇ. ಅಲಾರಮ್ಮಿಗೂ ಅದರಿಂದಲೇ ಸುದ್ದಿ ಹೋಗುತ್ತದೆ. ರಬ್ಬರು ಒಣಗಿ, ನೀರು ಇಳಿದು, ಸ್ವಿಚ್ಚಿಗೆ ತುಕ್ಕು ಹಿಡಿದರೆ ಮುಚ್ಚಿದ ಬಾಗಿಲೂ ತೆರೆದಂತೆ ಕಾಣುತ್ತದೆ. ಸೊಸೈಟಿಯ ಸೆಕ್ರೆಟರಿ ಎರಡು ಸಲ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹೇಳದೆ ನನ್ನನ್ನು ಬೈದರು. ಮೂರನೆಯ ಸಲ ಗಾಡಿ ನಂಬರನ್ನೂ ಹಾಕಿದರು. ಹೆಂಡತಿ ‘ಒಂದು ವೈರ್ ಕತ್ತರಿಸಿ ಒಗೀರಿ’ ಅಂದಳು. ನಾನು ‘ಅವ್ವನಿಗೆ ಬೇಜಾರಾಗ್ತದ’ ಅಂದೆ. ಅವ್ವನನ್ನು ಕೇಳಲಿಲ್ಲ. ಕೇಳುವುದೇನು, ಗೊತ್ತೇ ಇತ್ತಲ್ಲ!

ಆಷಾಢದ ವಾರಿಯಲ್ಲಿ ಆಳಂದಿಯಿಂದ ಹೊರಟ ಜ್ಞಾನೇಶ್ವರರ ಪಾಲಖಿ ಪುಣೆ ದಾಟಿ, ದಿವೆ ಘಾಟ್ ಹತ್ತಿ, ಸಾಸವಡದಲ್ಲಿ ಎರಡು ರಾತ್ರಿ ತಂಗುತ್ತದೆ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇರುವುದು ಇಲ್ಲೇ. ಆ ಎರಡು ದಿನ ಊರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಾಲೆ, ಅಂಗಡಿಯ ಕಟ್ಟೆ, ಪಾರ್ಕಿಂಗು, ಎಲ್ಲೆಂದರಲ್ಲಿ ವಾರಕರಿಗಳು ಮಲಗಿರುತ್ತಾರೆ. ಹೋದ ವರ್ಷ ನಮ್ಮ ಸೊಸೈಟಿಯ ಶೆಡ್ಡಿನಲ್ಲೂ ಐವತ್ತು ಅರವತ್ತು ಜನ ಮಲಗಿದ್ದರು. ಪದ್ಮಿನಿಯ ಎರಡೂ ಪಕ್ಕದಲ್ಲಿ ಮುದುಕಿಯರು. ರಸ್ತೆ ಬಂದ್ ಇದ್ದದ್ದರಿಂದ, ಅದಕ್ಕೂ ಮೊದಲು ಮಳೆ ಇದ್ದದ್ದರಿಂದ, ಗಾಡಿ ಎರಡು ವಾರ ಅಲುಗಾಡಿರಲಿಲ್ಲ.

ರಾತ್ರಿ ಎರಡು ಗಂಟೆಗೆ ಅದು ಕೂಗಿತು. ಗುಂಡಿ ಒತ್ತಿದರೂ ನಿಲ್ಲಲಿಲ್ಲ. ಮೂರು ದಿನದಿಂದ ನಡೆದು ಸುಸ್ತಾದ ಜನ ಎದ್ದು ಕುಳಿತರು. ಬಾನೆಟ್ ಎತ್ತಿ ನಾನು ಏನೇನೋ ಎಳೆದಾಡುತ್ತಿದ್ದರೆ ಟಾರ್ಚು ಹಿಡಿದದ್ದು ಒಬ್ಬ ಮುದುಕ ವಾರಕರಿ. ಆರೇಳು ನಿಮಿಷ ಒದರಿ ತಾನೇ ಸುಮ್ಮನಾಯಿತು. ಯಾರೂ ಬೈಯಲಿಲ್ಲ. ಒಬ್ಬಾಕೆ ‘ಮಾವುಲಿ, ಹಾಗೂ ಎದ್ದಾಯ್ತು, ಈಗ ಭಜನೆಯನ್ನಾದರೂ ಮಾಡೋಣ’ ಎಂದು ಮರಾಠಿಯಲ್ಲಿ ಹೇಳಿ ತಾಳ ತೆಗೆದಳು. ಉಳಿದವರು ನಕ್ಕರು. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ.

ಯಾಕೆ ಕೂಗಿತು ಅನ್ನುವುದು ಮರುದಿನ ತಿಳಿಯಿತು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನಡುವೆ ಮಲ್ಟಿಮೀಟರ್ ಇಟ್ಟು ನೋಡಿದೆ. ಚಾವಿ ತೆಗೆದು ನಿಂತ ಗಾಡಿ 70 ಮಿಲಿಆಂಪಿಯರ್ ಕುಡಿಯುತ್ತಿತ್ತು. ಪದ್ಮಿನಿಯಲ್ಲಿ ಕಂಪ್ಯೂಟರ್ ಇಲ್ಲ, ಗಡಿಯಾರ ಇಲ್ಲ, ನಿಂತಾಗ ಅದು ಏನನ್ನೂ ಕುಡಿಯಬಾರದು. 70 ಮಿಲಿಆಂಪಿಯರ್ ಅಂದರೆ ದಿನಕ್ಕೆ 1.7 ಆಂಪಿಯರ್-ಅವರ್. 35ರ ಬ್ಯಾಟರಿ ಹತ್ತು ದಿನದಲ್ಲಿ ಅರ್ಧ ಖಾಲಿ. ಸೈರನ್ನಿನ ಹೊಟ್ಟೆಯಲ್ಲಿ ತನ್ನದೇ ಪುಟ್ಟ ಬ್ಯಾಟರಿ ಇರುತ್ತದೆ. ಕಳ್ಳ ದೊಡ್ಡ ಬ್ಯಾಟರಿಯ ತಂತಿ ಕತ್ತರಿಸಿದರೂ ಕೂಗಲಿ ಎಂದು. ದೊಡ್ಡ ಬ್ಯಾಟರಿ ಸೋತು ವೋಲ್ಟೇಜ್ ಇಳಿದಾಗ ಸೈರನ್ನಿಗೆ ಯಾರೋ ತಂತಿ ಕತ್ತರಿಸಿದ ಹಾಗೆ ತೋರುತ್ತದೆ. ಅಂದರೆ ಅಲಾರಮ್ಮೇ ರಾತ್ರಿ ಹಗಲು ಬ್ಯಾಟರಿ ಕುಡಿದು, ಕೊನೆಗೆ ‘ಕಳ್ಳ ಕಳ್ಳ’ ಎಂದು ಕೂಗುತ್ತಿತ್ತು. ಇಂಥವರು ನಮ್ಮ ಆಫೀಸಿನಲ್ಲೂ ಇದ್ದಾರೆ, ಇರಲಿ.

ಆಗಲೂ ತೆಗೆಸಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ವಾರಕ್ಕೊಮ್ಮೆ ಚಾರ್ಜರ್ ಹಚ್ಚಿದೆ, ಅಷ್ಟೆ.

ತೆಗೆಸುವ ಹಾಗೆ ಮಾಡಿದ್ದು ದಿವೆ ಘಾಟ್. ಅವ್ವನ ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತು. ಹಡಪಸರದಲ್ಲಿ ಡಾಕ್ಟರಿಗೆ ತೋರಿಸಿ ಸಂಜೆ ಮರಳುತ್ತಿದ್ದೆವು. ಘಾಟಿನ ನಡುವೆ, ಕೆಳಗೆ ಮಸ್ತಾನಿ ಕೆರೆ ಕಾಣುವ ತಿರುವಿನಲ್ಲಿ, ಎಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ಹಿಂದೆ ಸಕ್ಕರೆ ಕಾರ್ಖಾನೆಗೆ ಹೋಗುವ ಲಾರಿ. ಹ್ಯಾಂಡ್ ಬ್ರೇಕ್ ಎಳೆದರೂ ಗಾಡಿ ಗೇಣಿನಷ್ಟು ಹಿಂದೆ ಸರಿಯಿತು. ನಾನು ಫುಟ್ ಬ್ರೇಕ್ ಮೇಲೆ ಪೂರ್ತಿ ನಿಂತುಬಿಟ್ಟೆ, ಇಳಿಯುವಂತಿರಲಿಲ್ಲ. ಅವ್ವ ಒಂದು ಮಾತಾಡದೆ ಬಾಗಿಲು ತೆಗೆದು ಇಳಿದಳು. ಕಪ್ಪು ಕನ್ನಡಕ ಹಾಕಿಕೊಂಡೇ ಗುಡ್ಡದ ಕಡೆ ಹೋಗಿ, ಎರಡೂ ಕೈಯಲ್ಲಿ ಒಂದು ಕಲ್ಲು ಹೊತ್ತು ತಂದು ಹಿಂದಿನ ಗಾಲಿಗೆ ಕೊಟ್ಟಳು. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿ ಒಂದು ತಾಸೂ ಆಗಿರಲಿಲ್ಲ. ಲಾರಿಯವನು ಕೈ ಬೀಸಿ ಪಕ್ಕದಿಂದ ಹೋದ. ಹತ್ತು ನಿಮಿಷ ಬಿಟ್ಟು ಚಾವಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಮನೆಗೆ ಬಂದು ನೋಡಿದರೆ ನನ್ನ ಬಲಗಾಲು ಇನ್ನೂ ನಡುಗುತ್ತಿತ್ತು.

ಮುಂದಿನ ತಿಂಗಳು ಪೂರ್ತಿ ಗ್ಯಾರೇಜು. ಒಬ್ಬರು ಕಾರ್ಬುರೇಟರ್ ತೊಳೆದರು. ಇನ್ನೊಬ್ಬರು ಪಾಯಿಂಟ್, ಕಂಡೆನ್ಸರ್ ಬದಲಿಸಿದರು. ಮತ್ತೊಬ್ಬರು ಪೆಟ್ರೋಲ್ ಪಂಪು ಬದಲಿಸಿದರು. ಆರೂವರೆ ಸಾವಿರ ಹೋಯಿತು. ಗಾಡಿ ಸಪಾಟು ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು, ಏರಿನಲ್ಲಿ ಕಾದರೆ ಸಾಯುತ್ತಿತ್ತು. ಮಾರಿಬಿಡೋಣ ಎಂದು ಹೆಂಡತಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಸ್ಕ್ರ್ಯಾಪಿನವನು ರೇಟೂ ಹೇಳಿ ಹೋದ.

ಅಷ್ಟರಲ್ಲಿ ಸಿಕ್ಕವರು ಕಾಕಾ. ಜೇಜೂರಿ ರಸ್ತೆಯಲ್ಲಿ ತಗಡಿನ ಅಂಗಡಿ, ಟ್ರ್ಯಾಕ್ಟರ್ ಮತ್ತು ಲಾರಿಯ ವೈರಿಂಗ್ ಕೆಲಸ. ನಾನು ಮರಾಠಿಯಲ್ಲಿ ಶುರು ಮಾಡಿದೆ. ಅವರು ನಂಬರ್ ಪ್ಲೇಟ್ ನೋಡಿ, ‘ಏನ್ರೀ ಸಾಹೇಬ್ರ, ಧಾರವಾಡ ಪಾಸಿಂಗ್ ಗಾಡಿ ಅದ. ಕನ್ನಡದಾಗ ಮಾತಾಡ್ರಿ’ ಅಂದರು. ಸಾಂಗಲಿ ಜಿಲ್ಲೆಯ ಜತ್ ತಾಲೂಕಿನವರು. ಮನೆಮಾತು ಕನ್ನಡ, ಓದಿದ್ದು ಮರಾಠಿ ಸಾಲಿಯಲ್ಲಿ. ‘ಮಾತಾಡಾಕ ಬರ್ತದ, ಬೋರ್ಡ್ ಓದಾಕ ಬರೂದುಲ್ಲ’ ಎಂದು ತಾವೇ ಹೇಳಿಕೊಂಡರು. ಸಣ್ಣವರಿದ್ದಾಗ ಮುಂಬಯಿಯಲ್ಲಿ ಟ್ಯಾಕ್ಸಿ ವೈರಿಂಗ್ ಮಾಡುತ್ತಿದ್ದರಂತೆ. ಅಂದರೆ ಪದ್ಮಿನಿಯ ನರನಾಡಿ ಗೊತ್ತಿದ್ದವರು.

ಕಾಕಾ ಕಾರ್ಬುರೇಟರನ್ನು ಮುಟ್ಟಲೇ ಇಲ್ಲ. ಎಂಜಿನ್ ಕಾಯಿಸಿ, ಟೆಸ್ಟ್ ಲ್ಯಾಂಪ್ ಹಿಡಿದು ಕಾಯಿಲ್ ಹತ್ತಿರ ಬಂದರು. ನನ್ನ ಮೀಟರ್ ತೆಗೆದುಕೊಂಡು ತೋರಿಸಿದರು: ಬ್ಯಾಟರಿಯಲ್ಲಿ 12.3 ವೋಲ್ಟ್, ಕಾಯಿಲಿಗೆ ಬರುತ್ತಿದ್ದದ್ದು 8.7. ಬ್ಯಾಟರಿಯಿಂದ ಕಾಯಿಲಿಗೆ ಒಂದು ತುಂಡು ವೈರ್ ನೇರ ಕೊಟ್ಟರು. ಎಂಜಿನ್ನಿನ ದನಿಯೇ ಬದಲಾಯಿತು.

‘ನಡುವ ಯಾರೋ ಕುಂತಾರ’ ಅಂದರು ಕಾಕಾ. ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ, ಒಂದು ಕೈ ಒಳಗೆ ಹಾಕಿ, ‘ಅಲಾರಂ ಅದ ಏನ್ರೀ?’

ಹೊರಗಿನಿಂದ ಹಾಕಿಸುವ ಅಲಾರಮ್ಮುಗಳಲ್ಲಿ ಕೂಗುವುದು ಅರ್ಧ ಕೆಲಸ. ಇನ್ನರ್ಧ ಎಂಜಿನ್ ಶುರುವಾಗದಂತೆ ತಡೆಯುವುದು. ಅದಕ್ಕಾಗಿ ಫಿಟ್ ಮಾಡುವವರು ಚಾವಿಯಿಂದ ಕಾಯಿಲಿಗೆ ಹೋಗುವ ವೈರನ್ನು ಕತ್ತರಿಸಿ ನಡುವೆ ಒಂದು ರಿಲೇ ಕೂರಿಸುತ್ತಾರೆ. ಅಲಾರಂ ಸುಮ್ಮನಿದ್ದಾಗ ಕರೆಂಟು ರಿಲೇಯ 30ನೇ ಕಾಲಿನಿಂದ 87ಎ ಕಾಲಿಗೆ ದಾಟುತ್ತದೆ. ಅಲಾರಂ ಎದ್ದಾಗ ಸೇತುವೆ ಮುರಿಯುತ್ತದೆ. ಇಪ್ಪತ್ತೈದು ವರ್ಷದಲ್ಲಿ ಆ ಸೇತುವೆಗೆ ಮಸಿ ಹಿಡಿದಿತ್ತು. ಎಂಜಿನ್ ಕಾದಷ್ಟೂ ಅದೂ ಕಾದು, ಕರೆಂಟು ಸೋರಿ, ಕಿಡಿ ಸೊರಗಿ, ಘಾಟಿನಲ್ಲಿ ಗಾಡಿ ಸಾಯುತ್ತಿತ್ತು. ಕಾಕಾ ನನ್ನ ಬೆರಳು ಹಿಡಿದು ರಿಲೇಗೆ ಮುಟ್ಟಿಸಿದರು. ಚುರ್ ಎಂದಿತು.

ಗಾಡಿಯನ್ನು ಕಾಯಲಿಕ್ಕೆಂದು ಅಪ್ಪ ಹಾಕಿಸಿದ್ದ ವಸ್ತು ಅವ್ವನನ್ನು ದಿವೆ ಘಾಟಿನಲ್ಲಿ ಲಾರಿಯ ಮುಂದೆ ನಿಲ್ಲಿಸಿತ್ತು. ಇನ್ನು ಯೋಚಿಸುವುದು ಏನೂ ಉಳಿದಿರಲಿಲ್ಲ. ಭಾನುವಾರ ಮನೆಗೇ ಬಂದು ತೆಗೆದುಕೊಡುತ್ತೇನೆ ಅಂದರು ಕಾಕಾ. ‘ಕೂಗ್ತದ. ರಸ್ತಾದ ಮ್ಯಾಲ ಬ್ಯಾಡ’.

ಶನಿವಾರ ರಾತ್ರಿ ಅವ್ವನಿಗೆ ಹೇಳಲು ಎರಡು ಸಲ ಅವಳ ಕೋಣೆಯ ಬಾಗಿಲ ತನಕ ಹೋಗಿ ಬಂದೆ. ಹೇಳಲಿಲ್ಲ. ಬದಲಿಗೆ ಫೋನಿನಲ್ಲಿ ‘ಪೀಂ ಪೀಂ’ ರೆಕಾರ್ಡ್ ಮಾಡಿಟ್ಟುಕೊಂಡೆ. ನಾಲ್ಕು ಸೆಕೆಂಡಿನ ಫೈಲು. ಅದಕ್ಕೆ ಮೂರು ಕಡೆ ಬ್ಯಾಕಪ್ಪು ಬೇರೆ!

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಕಾಕಾ ಬಂದರು. ಸಾಮಾನು ಹೆಚ್ಚೇನಿಲ್ಲ: ಟೆಸ್ಟ್ ಲ್ಯಾಂಪು, ಇಕ್ಕಳ, ಸೋಲ್ಡರ್ ಐರನ್, ಸ್ಲೀವಿನ ಸುರುಳಿ. ‘ಸೈರನ್ನಿಗೆ ಒಂದ ಸಣ್ಣ ಗುಂಡ ಕೀಲಿ ಇರ್ತದ. ಅದನ್ನ ತಿರುವಿದ್ರ ಬಾಯಿ ಮುಚ್ಚತದ. ಅದ ಏನ್ರೀ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಪ್ಪನ ಡೈರಿಯಲ್ಲಿ 2015ರಲ್ಲಿ ‘ಸೈರನ್ ಬದಲು’ ಎಂದು ಒಂದು ಸಾಲು ಇದೆ, ಕೀಲಿಯ ಸುದ್ದಿ ಇಲ್ಲ. ‘ಹಂಗಾದ್ರ ಒದರ್ಲಿ ಬಿಡ್ರಿ’ ಎಂದು ಕಾಕಾ ಬ್ಯಾಟರಿ ತಂತಿ ತೆಗೆದರು.

ಒದರಿತು. ಶೆಡ್ಡಿನ ತಗಡೆಲ್ಲ ಗುಂಯ್‌ಗುಟ್ಟಿತು. ಕಾಕಾ ಸೈರನ್ನಿನ ಬಾಯಿಗೆ ಗೋಣಿಚೀಲ ತುರುಕಿ ಬೋಲ್ಟು ಬಿಚ್ಚುತ್ತಿದ್ದರು. ಮೇಲಿನ ಬಾಲ್ಕನಿಗಳಲ್ಲಿ ಒಂದೊಂದೇ ತಲೆ ಕಾಣಿಸಿತು. ಸೆಕ್ರೆಟರಿ ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಇಳಿದು ಬಂದರು. ನನ್ನ ಮಗಳು ಕಿವಿ ಮುಚ್ಚಿಕೊಂಡು ಕುಣಿಯುತ್ತಿದ್ದಳು. ಅವ್ವ ಮೆಟ್ಟಿಲು ಇಳಿದು ಬಂದು ನಿಂತಳು. ನಾನು ಕಿರುಚಿ ಹೇಳಿದೆ, ‘ಅವ್ವಾ, ಅಲಾರಂ ತಗಸಾಕತ್ತೀನಿ. ಇದಕ್ಕೊಂದು ಸಣ್ಣ ಗುಂಡ ಕೀಲಿ ಇತ್ತಂತ.’

ಅವ್ವ ಸೊಂಟದ ಕೀಲಿಗೊಂಚಲು ತೆಗೆದಳು. ಗಾಡ್ರೇಜಿನದು, ಹುಬ್ಬಳ್ಳಿ ಮನೆಯದು, ಟ್ರಂಕಿನದು. ಅವುಗಳ ನಡುವೆ ಕಿರುಬೆರಳಿನ ಉಗುರಿನಷ್ಟು ಒಂದು ಗುಂಡು ಕೀಲಿ. ‘ಇದ ನೋಡ. ನಿಮ್ಮಪ್ಪ ಇಟ್ಟಕೋ ಅಂದಿದ್ರು. ಯಾವದಂತ ಹೇಳ್ಲಿಲ್ಲ.’

ಕಾಕಾ ತಿರುಗಿಸಿದರು. ಗಪ್‌ಚುಪ್. ಶೆಡ್ಡಿನಲ್ಲಿ ಪಾರಿವಾಳ ರೆಕ್ಕೆ ಬಡಿದದ್ದು ಕೇಳಿಸಿತು.

‘ಅಯ್ಯ, ಇದರ ಬಾಯಿ ಮುಚ್ಚಿಸೂ ಕೀಲಿ ನನ್ನ ಸೊಂಟದಾಗ ಇತ್ತಾ?’ ಅಂದಳು ಅವ್ವ. ‘ಗೊತ್ತಿದ್ರ ಎಂದೋ ತಿರುವತಿದ್ದೆ.’

ನಾನು ನಗಬೇಕೋ ಬೇಡವೋ ತಿಳಿಯದೆ ಅವಳ ಮುಖ ನೋಡಿದೆ. ಕಾಕಾ ತಮ್ಮ ಕೆಲಸದಲ್ಲಿ ಮುಳುಗಿದ್ದರು. ಅವ್ವ ಶೆಡ್ಡಿನ ಕಟ್ಟೆಯ ಮೇಲೆ ಕುಳಿತು, ನಾನು ಕೇಳದೆಯೇ ಹೇಳಿದಳು.

‘ಧಾರವಾಡದಾಗ ನಿಮ್ಮ ಸೋದರತ್ತಿ ಮಗಳ ಮದವಿ ಆತಲ್ಲ, ಅವತ್ತು ಟೇಪ್ ಕಳವ ಆತು. ನನ್ನ ಬಾಜೂದ ಸಣ್ಣ ಗಾಜ ತಗದಿತ್ತು, ಅದರಾಗಿಂದ ಕೈ ಹಾಕಿ ಬಾಗಲಾ ತಗದಿದ್ರು. ನಾ ಹಾದ್ಯಾಗ ಗಾಳಿ ಬರ್ಲಿ ಅಂತ ತಗದಿದ್ದೆ. ಇಳಿಯೂಮುಂದ ಹಾಕೀನಿ ಅಂತ ನನಗ ನೆಪ್ಪ. ಹಾಕಿದ್ರ ಹೆಂಗ ತಗದಿತ್ತು? ಮರತಿರಬೇಕು. ನಿಮ್ಮಪ್ಪ ಒಂದ ಮಾತ ಅನಲಿಲ್ಲ. ಅಂದಿದ್ರ ಅವತ್ತ ಮುಗದ ಹೋಗತಿತ್ತು. ಎಂಟ ದಿನಕ್ಕ ಇದನ್ನ ತಂದ ಹಾಕಿಸಿದ್ರು. ಮಿಕ್ಸರ್ ತರೂಣು ಅಂತ ಕೂಡಿಟ್ಟ ರೊಕ್ಕ ಅದು. ದಿನಾ ರಾತ್ರಿ ಪೀಂ ಪೀಂ ಅಂದ್ರ ನನಗ ಹೆಂಗ ಆಗತಿತ್ತು ಅಂದಿ? ಬಾಯಿಲೆ ಅನ್ನಲಿಲ್ಲ, ಇಪ್ಪತ್ತ ವರ್ಷ ಗಾಡಿ ಕಡಿಂದ ಅನಿಸಿದ್ರು.’

‘ನೀ ಅದನ್ನ ಕೇಳಿ ಹಂಚ ಇಡತಿದ್ದಿ’ ಅಂದೆ.

‘ಇಡಬೇಕಲ್ಲ. ಉಣ್ಣಾಕ ಬಂದಾರಂದ್ರ ಇಡಬೇಕು.’

ಅಷ್ಟು ಹೇಳಿ ಅವ್ವ ಕಾಕಾಗೆ ಚಹಾ ತರಲು ಮೇಲೆ ಹೋದಳು. ನಾನು ಅಲ್ಲೇ ನಿಂತೆ. ಆ ಮದುವೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಊಟಕ್ಕೆ ಇನ್ನೂ ತಡ ಇತ್ತು. ಅಪ್ಪನ ಹತ್ತಿರ ಚಾವಿ ಇಸಿದುಕೊಂಡು ಗಾಡಿಯಲ್ಲಿ ಕುಳಿತು ಹೊಸ ಕ್ಯಾಸೆಟ್ ಕೇಳಿದವನು ನಾನು. ಅವ್ವನ ಸೀಟಿನಲ್ಲೇ ಕುಳಿತಿದ್ದೆ. ಬಿಸಿಲಿತ್ತು. ಸಣ್ಣ ಗಾಜು ಹಾಕಿತ್ತು, ಅದರ ಚಿಲಕ ಗಟ್ಟಿ ಇತ್ತು, ಎರಡೂ ಕೈಯಿಂದ ತಿರುಗಿಸಿ ತೆರೆದೆ. ಪಂಗತಿ ಕೂತಿತು ಎಂದು ಯಾರೋ ಕರೆದಾಗ ಹಾಗೇ ಓಡಿದೆ. ಕಳವಾದದ್ದು ಗೊತ್ತಾದಾಗ ಹೆದರಿ ಬಾಯಿ ಮುಚ್ಚಿಕೊಂಡೆ. ಯಾರೂ ನನ್ನನ್ನು ಕೇಳಲಿಲ್ಲ. ಆಮೇಲೆ ರಿಮೋಟು ಬಂತು, ಆ ಖುಷಿಯಲ್ಲಿ ಉಳಿದದ್ದೆಲ್ಲ ಮರೆಯಿತು. ಆ ತಪ್ಪನ್ನು ಮನೆಯಲ್ಲಿ ಇನ್ನೊಬ್ಬರು ತಮ್ಮದೆಂದು ಹೊತ್ತುಕೊಂಡಿದ್ದಾರೆ ಅನ್ನುವ ಯೋಚನೆ ಒಂದು ದಿನವೂ ನನಗೆ ಬಂದಿರಲಿಲ್ಲ.

‘ಸಾಹೇಬ್ರ, ಬ್ಯಾಟರಿ ಹಿಡೀರಿ’ ಅಂದರು ಕಾಕಾ. ಹಿಡಿದೆ.

ಅಲಾರಂ ತೆಗೆಯುವುದು ಎಂದರೆ ಡಬ್ಬಿ ಕಿತ್ತು ಒಗೆಯುವುದಲ್ಲ. ಡಬ್ಬಿಯಿಂದ ಹೊರಟ ಹನ್ನೆರಡು ವೈರುಗಳೂ ಕಪ್ಪು. ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಕಳ್ಳನಿಗೆ ತಿಳಿಯಬಾರದು ಎಂದು ಬೇಕಂತಲೇ ಹಾಗೆ ಮಾಡುತ್ತಾರೆ. ಅದರ ತೊಂದರೆ ಇಪ್ಪತ್ತೈದು ವರ್ಷದ ನಂತರ ಬರುವ ಸಾಹುಕಾರನಿಗೂ ಅಷ್ಟೇ. ನಮ್ಮ ಕೆಲಸದಲ್ಲೂ ಇಂಥದ್ದು ಉಂಟು: ಬರೆದವರು ಬಿಟ್ಟುಹೋದ ಹಳೆಯ ಕೋಡು, ಟಿಪ್ಪಣಿ ಇಲ್ಲ, ಒಂದು ಸಾಲು ಅಳಿಸಿದರೆ ಎಲ್ಲೋ ಸಂಬಳದ ಲೆಕ್ಕ ತಪ್ಪುತ್ತದೆ. ಕಾಕಾ ಒಂದೊಂದೇ ವೈರನ್ನು ಹಿಡಿದು ಅದರ ತುದಿ ಮುಟ್ಟುವ ತನಕ ಹೋಗುತ್ತಿದ್ದರು. ಇದು ಬಾಗಿಲ ಪಿನ್ನಿಗೆ. ಇದು ಇಂಡಿಕೇಟರಿಗೆ. ಇದು ಬಾನೆಟ್ ಸ್ವಿಚ್ಚಿಗೆ. ಇದು ಅರ್ತಿಂಗು. ಒಂದು ಗುರುತು ಸಿಗುವ ತನಕ ಇನ್ನೊಂದನ್ನು ಕತ್ತರಿಸಲಿಲ್ಲ. ಹಳೆಯ ಇನ್ಸುಲೇಷನ್ ಟೇಪು ಕರಗಿ ಬೆಲ್ಲದ ಪಾಕದ ಹಾಗೆ ಕೈಗೆ ಅಂಟುತ್ತಿತ್ತು. ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಒರೆಸುವುದು ನನ್ನ ಪಾಲಿನ ಕೆಲಸ.

ಎಲ್ಲಕ್ಕಿಂತ ಕೊನೆಗೆ ರಿಲೇ. ಅದನ್ನು ಕಿತ್ತರೆ ಚಾವಿಯಿಂದ ಬರುವ ವೈರು ಒಂದು ಕಡೆ, ಕಾಯಿಲಿಗೆ ಹೋಗುವುದು ಇನ್ನೊಂದು ಕಡೆ ಜೋತುಬಿದ್ದವು. ಹೀಗೇ ಬಿಟ್ಟರೆ ಗಾಡಿ ಶುರುವಾಗುವುದೇ ಇಲ್ಲ. ಯೂಟ್ಯೂಬ್ ನೋಡಿ ನಾನೇ ತೆಗೆದಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿದ್ದೆ. ಕಾಕಾ ಎರಡೂ ತುದಿಯ ಹಸಿರು ಹಿಡಿದ ತಾಮ್ರವನ್ನು ಹೊಳೆಯುವ ತನಕ ಹೆರೆದು, ಮೊದಲು ಸ್ಲೀವ್ ತೂರಿಸಿ, ಹೆಣೆದು, ಸೋಲ್ಡರ್ ಹಾಕಿ, ಲೈಟರಿನ ಉರಿ ತೋರಿಸಿ ಸ್ಲೀವನ್ನು ಬಿಗಿ ಮಾಡಿದರು. 1998ರಲ್ಲಿ ಯಾರೋ ಕತ್ತರಿಸಿದ್ದು ಆವತ್ತು ಮತ್ತೆ ಒಂದಾಯಿತು. ಬ್ಯಾಟರಿ ತಂತಿ ಕೂಡಿಸುವ ಮುಂಚೆ ಮೀಟರ್ ಇಟ್ಟೆ: ಸೊನ್ನೆ. ಕಾಯಿಲಿನಲ್ಲಿ 12.1.

‘ಕಳ್ಳರ ಕಾಟಕ್ಕ ಏನ ಮಾಡೂಣ್ರಿ?’ ಎಂದೆ. ‘ಚೋರ್ ಸ್ವಿಚ್ ಹಾಕ್ತೀನಿ’ ಅಂದು, ಬ್ಯಾಟರಿಯ ಹತ್ತಿರ ಕೈಯಿಂದ ತಿರುವುವ ಒಂದು ಕಟ್‌ಆಫ್ ಹಾಕಿಕೊಟ್ಟರು. ತಿರುವಿಟ್ಟರೆ ಇಡೀ ಗಾಡಿಯೇ ನಿದ್ದೆ, ಬ್ಯಾಟರಿಯೂ ಉಳಿಯುತ್ತದೆ. ಮಂಜೂರಾದ ಅಲಾರಮ್ಮಿದ್ದರೆ ವಿಮೆಯ ಕಂತಿನಲ್ಲಿ ಎರಡೂವರೆ ಪರ್ಸೆಂಟ್, ಹೆಚ್ಚೆಂದರೆ ಐನೂರು ರೂಪಾಯಿ, ಬಿಡುತ್ತಾರೆ. ನಮ್ಮದು ಬರೀ ಥರ್ಡ್ ಪಾರ್ಟಿ, ಆ ಲೆಕ್ಕವೂ ಇಲ್ಲ. ಕಾಕಾ ಎಂಟುನೂರು ತೆಗೆದುಕೊಂಡರು. ಅವ್ವ ಎರಡು ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ‘ತಮ್ಮಾ, ಜತ್ ಕಡೆಯವರು ಅಂದಿ. ಬನಶಂಕರಿ ಜಾತ್ರಿಗೆ ಬರತಿದ್ರೇನು?’ ಎಂದು ಶುರು ಮಾಡಿ ಅರ್ಧ ತಾಸು ಮಾತಾಡಿದರು ಇಬ್ಬರೂ. ಇಲ್ಲಿಗೆ ಬಂದ ಮೇಲೆ ಅವ್ವ ಮನೆಯವರನ್ನು ಬಿಟ್ಟು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ಭಾನುವಾರ ಅವ್ವನನ್ನು ಕರಕೊಂಡು ಜೇಜೂರಿಗೆ ಹೊರಟೆ. ಖಂಡೋಬಾ ಎಂದರೆ ನಮ್ಮ ಮೈಲಾರಲಿಂಗನೇ. ಭಂಡಾರ ಅದೇ, ಕುದುರೆ ಅದೇ. ಸಾಸವಡದಿಂದ ಅರ್ಧ ತಾಸಿನ ದಾರಿ, ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಅವ್ವ ಸಣ್ಣ ಗಾಜು ತಿರುಗಿಸಿಕೊಂಡು ಮುಖಕ್ಕೆ ಗಾಳಿ ಹಿಡಿದಿದ್ದಳು. ಒಂದು ವಾರ ಹೊತ್ತುಕೊಂಡು ತಿರುಗಿದ್ದನ್ನು ಅಲ್ಲಿ ಹೇಳಿದೆ. ರಸ್ತೆ ನೋಡುತ್ತಲೇ ಹೇಳಿದೆ. ಕ್ಯಾಸೆಟ್ಟು, ಬಿಸಿಲು, ಚಿಲಕ, ಪಂಗತಿ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಎರಡು ಹಳ್ಳಿ ದಾಟಿದವು.

‘ಹಂಗಾದ್ರ ನಾ ಹಾಕಿದ್ದು ಖರೆ’ ಅಂದಳು.

‘ಖರೆ ಅವ್ವಾ. ನೀ ಹಾಕಿದ್ದಿ.’

‘ಇಷ್ಟ ವರ್ಷ ಬಾಯಾಗ ಏನ ಇಟಗೊಂಡಿದ್ದಿ? ಅವಲಕ್ಕಿ ಏನು?’

‘ಹೆದರಿದ್ದೆ.’

‘ನಿಮ್ಮಪ್ಪಗ ಗೊತ್ತಿತ್ತೇನು?’

ಚಾವಿ ಕೊಟ್ಟವರು ಅಪ್ಪನೇ. ಗೊತ್ತಿದ್ದಿರಬಹುದು. ಗೊತ್ತಿದ್ದೂ ಇಬ್ಬರಿಗೂ ಒಂದು ಮಾತು ಅನ್ನದೆ ಬಿಟ್ಟಿದ್ದಿರಬಹುದು, ಅಥವಾ ಅವರೂ ಮರೆತಿದ್ದಿರಬಹುದು. ‘ಗೊತ್ತಿಲ್ಲವ್ವಾ’ ಅಂದೆ.

ಜೇಜೂರಿಯ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿದೆ. ಭಂಡಾರದ ಅಂಗಡಿಯವರು ಮುತ್ತಿದರು. ಅಭ್ಯಾಸಬಲದಿಂದ ಕೈ ಜೇಬಿನಲ್ಲಿ ರಿಮೋಟು ಹುಡುಕಿತು. ಅವ್ವ ತನ್ನ ಕಡೆಯ ಸಣ್ಣ ಗಾಜು ಮುಚ್ಚಿ ಚಿಲಕ ತಿರುಗಿಸಿದಳು. ಇಳಿದು, ಬಾಗಿಲು ಹಾಕಿ, ಹೊರಗಿನಿಂದ ಗಾಜನ್ನು ಅಂಗೈಯಿಂದ ಒಮ್ಮೆ ದೂಡಿ ನೋಡಿದಳು. ನನ್ನ ಕಡೆ ತಿರುಗಿ, ‘ನೀನೂ ನೋಡ’ ಅಂದಳು. ನಾನು ಸುತ್ತಿ ಬಂದು ದೂಡಿ ನೋಡಿದೆ. ಗಟ್ಟಿ ಇತ್ತು. ಚಾವಿ ಹಾಕಿ ಬಾಗಿಲು ಲಾಕ್ ಮಾಡಿದೆ.